ಆಂಟಿಆಕ್ಸಿಡೆಂಟ್ ಕ್ಯಾಪ್ಸೂಲ್ ತಗೊಂಡ್ರೂ ತೂಕ ಇಳೀತಿಲ್ಲ, ಎಸ್‌ಜಿಪಿಟಿ ಮಾತ್ರ ಏರಿದೆ, ಏನ್ ಮಾಡ್ಲಿ?

ಪ್ರಶ್ನೆ: ಡಾಕ್ಟ್ರೇ, ನನಗೆ 43 ವರ್ಷ, ಎತ್ತರ 158 ಸೆಂ.ಮೀ., ತೂಕ 78 ಕೆಜಿ. ಕೂತು ಮಾಡೋ ಕೆಲಸ. ಕಳೆದ ವರ್ಷ ಚೆಕಪ್‌ನಲ್ಲಿ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್) 6.0, ಖಾಲಿ ಹೊಟ್ಟೆ ಶುಗರ್ 108, ಟ್ರೈಗ್ಲಿಸರೈಡ್ 190, ಎಚ್‌ಡಿಎಲ್ 41 ಬಂತು, ಪ್ರೀ-ಡಯಾಬಿಟಿಸ್ ಅಂದ್ರು. ಎಸ್‌ಜಿಪಿಟಿ (ಲಿವರ್ ಟೆಸ್ಟ್) ಆಗ 34 ಇತ್ತು. ಹಿಮೋಗ್ಲೋಬಿನ್ ಯಾವಾಗ್ಲೂ ಕಮ್ಮಿ, ಈಗ 10.6. ಜೊತೆಗೆ ಕೆಲಸ ಮಾಡೋರೊಬ್ರು, ಮೈಯಲ್ಲಿ ಆಕ್ಸಿಡೇಟಿವ್ ಸ್ಟ್ರೆಸ್ (ಫ್ರೀ ರ‍್ಯಾಡಿಕಲ್ ಅನ್ನೋ ಅಣುಗಳು ಹೆಚ್ಚಾಗಿ ಕೋಶಗಳಿಗೆ ಆಗೋ ಹಾನಿ) ಜಾಸ್ತಿ ಇರೋದ್ರಿಂದ್ಲೇ ಕೊಬ್ಬು ಕರಗಲ್ಲ, ಅದನ್ನ ತೆಗೆದ್ರೆ ತೂಕ ತಾನಾಗೇ ಇಳಿಯುತ್ತೆ ಅಂದ್ರು. ಮೂರು ತಿಂಗಳಿಂದ ಗ್ರೀನ್ ಟೀ ಎಕ್ಸ್‌ಟ್ರಾಕ್ಟ್ ಕ್ಯಾಪ್ಸೂಲ್ ಬೆಳಗ್ಗೆ ಖಾಲಿ ಹೊಟ್ಟೆಗೆ ಎರಡು, ಸಂಜೆ ಎರಡು ತಗೊಳ್ತಿದೀನಿ. ಲೇಬಲ್ ಮೇಲೆ 500 ಎಂಜಿ, 50% ಇಜಿಸಿಜಿ ಅಂತಿದೆ. ಅದರ ಜೊತೆ ಪೈಪರಿನ್ ಸೇರಿಸಿರೋ ಕರ್ಕ್ಯುಮಿನ್ (ಅರಿಶಿನದ ಸಾರ), ವಿಟಮಿನ್ ಸಿ 1000, ರಾತ್ರಿ ಊಟದ ಬದಲು ಪಾಲಕ್-ಬೀಟ್‌ರೂಟ್-ಸೇಬಿನ ಜ್ಯೂಸ್. ಊಟ ಆದ ತಕ್ಷಣ ಗ್ರೀನ್ ಟೀನೂ ಕುಡೀತೀನಿ. ಮೊದಲನೇ ತಿಂಗಳು 2 ಕೆಜಿ ಇಳೀತು, ಆಮೇಲೆ ಅಲ್ಲೇ ನಿಂತಿದೆ. ಹೋದ ವಾರದ ಟೆಸ್ಟ್‌ನಲ್ಲಿ ಎಸ್‌ಜಿಪಿಟಿ 68. ಗಿಡದಿಂದ ಬಂದಿದ್ದು, ಸೈಡ್ ಎಫೆಕ್ಟ್ ಇರಲ್ಲ, ಟಾಕ್ಸಿನ್ ಹೊರಗೆ ಹೋಗುವಾಗ ಹಂಗಾಗುತ್ತೆ ಅಂತಾರೆ ಅವ್ರು, ಅವರಿಗೇನೂ ಆಗಿಲ್ಲ ಬೇರೆ. ಡೋಸ್ ಜಾಸ್ತಿ ಮಾಡ್ಲಾ, ಬೇರೆ ಆಂಟಿಆಕ್ಸಿಡೆಂಟ್‌ಗೆ ಬದಲಾಯಿಸ್ಲಾ?

ಉತ್ತರ: ಉಳಿದಿದ್ದನ್ನ ನಿಧಾನಕ್ಕೆ ಓದಿ, ಆದ್ರೆ ಗ್ರೀನ್ ಟೀ ಕ್ಯಾಪ್ಸೂಲು, ಕರ್ಕ್ಯುಮಿನ್ ಕ್ಯಾಪ್ಸೂಲು ಎರಡನ್ನೂ ಇವತ್ತೇ ನಿಲ್ಸಿ. ಡೋಸ್ ಜಾಸ್ತಿ ಮಾಡೋ ಮಾತೇ ಬೇಡ. ನಿಮ್ಮ ಪತ್ರದಲ್ಲಿ ನಿಮಗೆ ದೊಡ್ಡದಾಗಿ ಕಂಡಿರೋದು ತೂಕ, ನನ್ನ ಕಣ್ಣು ಹೋಗಿದ್ದು 34 ಇದ್ದ ಎಸ್‌ಜಿಪಿಟಿ 68 ಆಗಿರೋದ್ರ ಮೇಲೆ. ಟಾಕ್ಸಿನ್ ಹೊರಗೆ ಹೋಗುವಾಗ ಈ ನಂಬರ್ ಏರುತ್ತೆ ಅನ್ನೋದು ಶುದ್ಧ ಸುಳ್ಳು. ಎಸ್‌ಜಿಪಿಟಿ ಲಿವರ್ ಜೀವಕೋಶದ ಒಳಗಡೆ ಇರಬೇಕಾದ ಕಿಣ್ವ, ಅದು ರಕ್ತದಲ್ಲಿ ಜಾಸ್ತಿ ಕಾಣಿಸ್ತಿದೆ ಅಂದ್ರೆ ಆ ಕೋಶಗಳಿಗೆ ಏಟು ಬೀಳ್ತಿದೆ ಅಂತ ಅರ್ಥ, ಬೇರೇನಿಲ್ಲ.

ನಿಮ್ಮ ಲೇಬಲ್ ಲೆಕ್ಕ ಒಂಚೂರು ನೋಡೋಣ. 500 ಎಂಜಿಯಲ್ಲಿ 50% ಅಂದ್ರೆ ಒಂದು ಕ್ಯಾಪ್ಸೂಲಿಗೆ 250 ಎಂಜಿ ಇಜಿಸಿಜಿ. ದಿನಕ್ಕೆ ನಾಲ್ಕು ಅಂದ್ರೆ 1000 ಎಂಜಿ. ಇಜಿಸಿಜಿ ಗ್ರೀನ್ ಟೀಯಲ್ಲಿರೋ ಮುಖ್ಯ ಕ್ಯಾಟೆಚಿನ್ (ಟೀ ಎಲೆಯ ಆಂಟಿಆಕ್ಸಿಡೆಂಟ್), ಒಂದು ಕಪ್ ಟೀಯಲ್ಲಿ ಎಲೆ, ನೀರಿನ ಬಿಸಿ, ನೆನೆಸೋ ಹೊತ್ತಿನ ಮೇಲೆ ಸುಮಾರು 50ರಿಂದ 100 ಎಂಜಿ ಬರುತ್ತೆ. ಅಂದ್ರೆ ನೀವು ಕಮ್ಮಿ ಅಂದ್ರೂ ಹತ್ತು ಕಪ್ಪಿನಷ್ಟನ್ನ ಎರಡೇ ಸಲಕ್ಕೆ ನುಂಗ್ತಿದೀರ, ಅದ್ರಲ್ಲೂ ಒಂದ್ಸಲ ಖಾಲಿ ಹೊಟ್ಟೆಗೆ. ಖಾಲಿ ಹೊಟ್ಟೆಯಲ್ಲಿ ಅದು ರಕ್ತಕ್ಕೆ ಸೇರೋದೂ ಜಾಸ್ತಿ, ಲಿವರ್‌ಗೆ ಒಂದೇ ಸಲ ಬೀಳೋ ಹೊರೆನೂ ಜಾಸ್ತಿ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ಇದನ್ನ ಪರಿಶೀಲನೆ ಮಾಡಿ, ಸಪ್ಲಿಮೆಂಟ್ ರೂಪದಲ್ಲಿ ದಿನಕ್ಕೆ 800 ಎಂಜಿ ಮತ್ತು ಅದಕ್ಕಿಂತ ಹೆಚ್ಚು ಇಜಿಸಿಜಿ ತಗೊಂಡವರಲ್ಲಿ ಲಿವರ್ ಕಿಣ್ವಗಳು ಏರೋದು ಕಂಡುಬಂದಿದೆ ಅಂತ ಹೇಳ್ತು. 2022ರಲ್ಲಿ ಯುರೋಪಿಯನ್ ಒಕ್ಕೂಟ ಕಾನೂನೇ ಮಾಡಿ ದಿನದ ಪ್ರಮಾಣ 800 ಎಂಜಿಗಿಂತ ಕಮ್ಮಿ ಇರಬೇಕು, ಖಾಲಿ ಹೊಟ್ಟೆಗೆ ತಗೋಬಾರದು ಅಂತ ಲೇಬಲ್ ಮೇಲೆ ಬರೀಬೇಕು ಅಂದಿತು. ನೀವು ಆ ಎರಡೂ ಗೆರೆ ದಾಟಿದೀರ, ಪಾಪ ಗೊತ್ತಿಲ್ದೆ. 800ರ ಕೆಳಗಿದ್ರೆ ಪೂರ್ತಿ ಸೇಫ್ ಅಂತಾನೂ ಅಲ್ಲ, ಅದಕ್ಕಿಂತ ಕಮ್ಮಿ ಡೋಸ್‌ನಲ್ಲೂ ಅಪರೂಪಕ್ಕೆ ಲಿವರ್ ಕೆಟ್ಟಿರೋ ಕೇಸ್‌ಗಳಿವೆ.

ಹಾಗಾದ್ರೆ ನಿಮ್ಮ ಸಹೋದ್ಯೋಗಿಗೆ ಯಾಕೆ ಏನೂ ಆಗಿಲ್ಲ? ಇದಕ್ಕೆ ಸ್ವಲ್ಪ ಮಟ್ಟಿಗೆ ಉತ್ತರ ಸಿಕ್ಕಿದೆ. ಎಚ್‌ಎಲ್‌ಎ-ಬಿ*35:01 ಅಂತ ಒಂದು ಜೀನ್ ರೂಪ ಇದೆ, ಗ್ರೀನ್ ಟೀ ಎಕ್ಸ್‌ಟ್ರಾಕ್ಟ್‌ನಿಂದ ಲಿವರ್ ಹಾಳಾದವರಲ್ಲಿ ಅದು ಸಾಮಾನ್ಯ ಜನರಿಗಿಂತ ತುಂಬಾ ಹೆಚ್ಚಾಗಿ ಸಿಗುತ್ತೆ. ಅದು ಇರೋರಿಗೆಲ್ಲ ಏಟಾಗಲ್ಲ, ಇಲ್ಲದವರು ಪಾರು ಅಂತಾನೂ ಇಲ್ಲ, ಆದ್ರೆ ಒಬ್ಬರಿಗೆ ಆಗಿಬಂದಿದ್ದು ಇನ್ನೊಬ್ಬರಿಗೂ ಆಗಿಬರುತ್ತೆ ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ. ನನಗೆ ಇನ್ನೂ ದಿಗಿಲಾಗಿದ್ದು ನಿಮ್ಮ ಎರಡನೇ ಕ್ಯಾಪ್ಸೂಲ್ ನೋಡಿ. ಅಮೆರಿಕದಲ್ಲಿ ಔಷಧಿಗಳಿಂದಾಗೋ ಲಿವರ್ ಹಾನಿಯನ್ನ ದಾಖಲಿಸೋ ತಜ್ಞರ ಜಾಲವೊಂದಿದೆ, ಅವರು ಅರಿಶಿನದ ಸಪ್ಲಿಮೆಂಟ್‌ನಿಂದ ಆದ ಹತ್ತು ಕೇಸ್‌ಗಳನ್ನ ಕೂಲಂಕಷವಾಗಿ ನೋಡಿದಾಗ ಏಳು ಜನರಲ್ಲಿ ಇದೇ ಜೀನ್ ಇತ್ತು, ಐದು ಜನ ಆಸ್ಪತ್ರೆ ಸೇರಬೇಕಾಯ್ತು, ಒಬ್ಬರು ತೀರಿಕೊಂಡ್ರು. ಅಂದ್ರೆ ಒಂದೇ ದೌರ್ಬಲ್ಯ ಇರೋರಿಗೆ ಏಟು ಕೊಡಬಲ್ಲ ಎರಡು ವಸ್ತುಗಳನ್ನ ನೀವು ಒಟ್ಟಿಗೆ ತಗೊಳ್ತಿದೀರ. ಅಡುಗೆಗೆ ಹಾಕೋ ಅರಿಶಿನಕ್ಕೂ ಇದಕ್ಕೂ ಸಂಬಂಧ ಇಲ್ಲ, ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರೋದೇ ನೂರಕ್ಕೆ ಮೂರರಷ್ಟು, ಅದೂ ಸರಿಯಾಗಿ ಹೀರಿಕೊಳ್ಳಲ್ಲ. ಅಡುಗೆ ಅರಿಶಿನ ಬಿಡಬೇಡಿ, ಕ್ಯಾಪ್ಸೂಲ್ ಬಿಡಿ.

ಇಷ್ಟೆಲ್ಲ ಹೇಳಿದ್ರೂ 68 ಅನ್ನೋ ನಂಬರ್ ಕ್ಯಾಪ್ಸೂಲಿಂದ್ಲೇ ಬಂತು ಅಂತ ನಾನು ಇಲ್ಲಿ ಕೂತು ತೀರ್ಪು ಕೊಡೋಕಾಗಲ್ಲ. ನಿಮ್ಮ ಟ್ರೈಗ್ಲಿಸರೈಡ್, ಎಚ್‌ಡಿಎಲ್, ಶುಗರ್ ಮೂರನ್ನೂ ಸೇರಿಸಿದ್ರೆ ಮೆಟಬಾಲಿಕ್ ಸಿಂಡ್ರೋಮ್‌ಗೆ ಬೇಕಾದ ಐದರಲ್ಲಿ ಮೂರು ಅಂಶ ಆಗ್ಲೇ ಸಿಕ್ಕಂಗಾಯ್ತು (ಉಳಿದೆರಡು ಬಿಪಿ ಮತ್ತು ಸೊಂಟದ ಸುತ್ತಳತೆ, ಅವನ್ನ ನೀವು ಬರೆದಿಲ್ಲ), ಹೀಗಿರೋರಲ್ಲಿ ಫ್ಯಾಟಿ ಲಿವರ್ ತುಂಬಾ ಸಾಮಾನ್ಯ, ಅದ್ರಿಂದಲೂ ಎಸ್‌ಜಿಪಿಟಿ ಏರಬಹುದು. ಆದ್ರೆ ಒಂದು ವರ್ಷದ ಹಿಂದೆ ಹೆಚ್ಚುಕಮ್ಮಿ ಇದೇ ಮೈಕಟ್ಟಿನಲ್ಲಿ 34 ಇದ್ದಿದ್ದು ಈಗ ಇದ್ದಕ್ಕಿದ್ದಂಗೆ ಡಬಲ್ ಆಗಿದೆ, ಮಧ್ಯದಲ್ಲಿ ಹೊಸದಾಗಿ ಬಂದಿರೋದು ಕ್ಯಾಪ್ಸೂಲು. ಹಾಗಾಗಿ ಅನುಮಾನ ಅದ್ರ ಮೇಲೇ. ಈ ವಾರವೇ ಡಾಕ್ಟ್ರನ್ನ ಕಂಡು ಬಾಟಲಿಗಳನ್ನ ಅವರ ಟೇಬಲ್ ಮೇಲಿಡಿ, ವಿಟಮಿನ್ ತಗೊಳ್ತೀನಿ ಅಂತಷ್ಟೇ ಹೇಳಿ ಸುಮ್ನಾಗಬೇಡಿ. ಬಿಲಿರುಬಿನ್ ಸೇರಿಸಿ ಪೂರ್ತಿ ಲಿವರ್ ಟೆಸ್ಟ್, ಹೆಪಟೈಟಿಸ್ ಬಿ-ಸಿ ಟೆಸ್ಟ್, ಒಂದು ಅಲ್ಟ್ರಾಸೌಂಡ್, ಕ್ಯಾಪ್ಸೂಲ್ ಬಿಟ್ಟು ಎರಡರಿಂದ ನಾಲ್ಕು ವಾರಕ್ಕೆ ಮತ್ತೆ ಎಸ್‌ಜಿಪಿಟಿ, ಸಾಮಾನ್ಯವಾಗಿ ಹೀಗೆ ನಡೆಯುತ್ತೆ. ಬಿಟ್ಟ ಮೇಲೆ ಇಳಿದ್ರೆ ಕಾರಣ ಗೊತ್ತಾದಂಗೆ, ಮತ್ತೆ ಟೆಸ್ಟ್ ಮಾಡೋಣ ಅಂತ ಇನ್ನೊಂದ್ಸಲ ಅದೇ ಕ್ಯಾಪ್ಸೂಲ್ ನುಂಗಬಾರದು, ಎರಡನೇ ಸಲದ ಏಟು ಜೋರಾಗಿರಬಹುದು. ಮಧ್ಯೆ ಕಣ್ಣು ಹಳದಿ ಆಗೋದು, ಮೂತ್ರ ಗಾಢ ಬಣ್ಣಕ್ಕೆ ತಿರುಗೋದು, ಮೈಯೆಲ್ಲ ತುರಿಕೆ, ವಾಕರಿಕೆ, ಪಕ್ಕೆಲುಬಿನ ಕೆಳಗೆ ಬಲಗಡೆ ನೋವು, ಇವುಗಳಲ್ಲಿ ಯಾವುದೇ ಬಂದ್ರೂ ಅಪಾಯಿಂಟ್‌ಮೆಂಟ್ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ.

ಈಗ ನಿಮ್ಮ ಅಸಲಿ ಪ್ರಶ್ನೆಗೆ ಬರ್ತೀನಿ. ಆಕ್ಸಿಡೇಟಿವ್ ಸ್ಟ್ರೆಸ್‌ನಿಂದ್ಲೇ ಬೊಜ್ಜು ಬರುತ್ತಾ, ಅದನ್ನ ತೆಗೆದ್ರೆ ಕರಗುತ್ತಾ?

ಬೊಜ್ಜು ಇರೋರಲ್ಲಿ ಆಕ್ಸಿಡೇಟಿವ್ ಸ್ಟ್ರೆಸ್ ಜಾಸ್ತಿ ಇರುತ್ತೆ ಅನ್ನೋದು ನಿಜ. ಆದ್ರೆ ಅದು ಶುರುವಾಗೋ ಜಾಗ ಬೇರೆ. ಖರ್ಚಾಗೋದಕ್ಕಿಂತ ಹೆಚ್ಚು ಶಕ್ತಿ ದಿನಾ ಒಳಗೆ ಬರ್ತಿದ್ರೆ ಕೊಬ್ಬಿನ ಕೋಶಗಳು ಊದಿಕೊಳ್ತಾ ಹೋಗ್ತವೆ, ಒಂದು ಹಂತ ದಾಟಿದ ಮೇಲೆ ಅವಕ್ಕೆ ಆಕ್ಸಿಜನ್ ಸರಿಯಾಗಿ ತಲುಪಲ್ಲ, ಕೆಲವು ಸಾಯ್ತವೆ, ಅವನ್ನ ಕ್ಲೀನ್ ಮಾಡೋಕೆ ಮ್ಯಾಕ್ರೋಫೇಜ್ ಅನ್ನೋ ರಕ್ಷಣಾ ಕೋಶಗಳು ಬಂದು ಸುತ್ತುವರೀತವೆ, ಅವು ಟಿಎನ್‌ಎಫ್-ಆಲ್ಫಾ ಥರದ ಉರಿಯೂತದ ರಾಸಾಯನಿಕ ಬಿಡ್ತವೆ, ಅದ್ರಿಂದ ಇನ್ಸುಲಿನ್ ಮಾತು ಕೋಶಗಳಿಗೆ ಕೇಳಿಸದಂಗಾಗುತ್ತೆ. ಅಲ್ಲಿ ಜಾಗ ಸಾಲದ ಕೊಬ್ಬು ಲಿವರ್‌ಗೂ ಸ್ನಾಯುವಿಗೂ ಹೋಗಿ ಕೂರುತ್ತೆ, ಅಲ್ಲಿನ ಮೈಟೋಕಾಂಡ್ರಿಯಾಗಳು (ಕೋಶದೊಳಗೆ ಶಕ್ತಿ ತಯಾರಿಸೋ ಭಾಗಗಳು) ಅಷ್ಟು ಇಂಧನ ಸುಡೋಕಾಗದೆ ಫ್ರೀ ರ‍್ಯಾಡಿಕಲ್‌ಗಳನ್ನ ಹೆಚ್ಚು ಹೊರಹಾಕ್ತವೆ. ಆಕ್ಸಿಡೇಟಿವ್ ಸ್ಟ್ರೆಸ್ ಹೆಚ್ಚಿನ ಮಟ್ಟಿಗೆ ಈ ಸರಪಳಿಯ ಕೊನೆಯಲ್ಲಿ ಬರೋದು. ಅದು ತಿರುಗಿ ಉರಿಯೂತವನ್ನ ಜಾಸ್ತಿ ಮಾಡುತ್ತೆ, ಇನ್ಸುಲಿನ್ ಕೆಲಸಕ್ಕೆ ಇನ್ನಷ್ಟು ಅಡ್ಡ ಬರುತ್ತೆ, ಇದನ್ನ ನಾನು ಇಲ್ಲ ಅನ್ನಲ್ಲ. ಆದ್ರೆ ತೂಕ ಇಳಿಸಿದವರಲ್ಲಿ ಯಾವ ಆಂಟಿಆಕ್ಸಿಡೆಂಟ್ ಮಾತ್ರೆಯೂ ಇಲ್ಲದೇನೇ ಆಕ್ಸಿಡೇಟಿವ್ ಸ್ಟ್ರೆಸ್ ಇಳಿಯುತ್ತೆ. ಮಾತ್ರೆಯಿಂದ ಆಕ್ಸಿಡೇಟಿವ್ ಸ್ಟ್ರೆಸ್ ಇಳಿಸಿ ಅದ್ರಿಂದ ತೂಕ ಇಳಿಯುತ್ತೆ ಅನ್ನೋ ಉಲ್ಟಾ ದಾರಿ ಮಾತ್ರ ಮನುಷ್ಯರಲ್ಲಿ ಕೆಲಸ ಮಾಡಿ ತೋರಿಸಿಲ್ಲ.

ಈ ಮಾತ್ರೆಗಳ ಹಿಂದಿನ ತರ್ಕ ಹಳೇದು. ಫ್ರೀ ರ‍್ಯಾಡಿಕಲ್‌ಗಳಿಂದ್ಲೇ ಮುಪ್ಪು ಬರುತ್ತೆ ಅಂತ ಡೆನ್‌ಹ್ಯಾಮ್ ಹಾರ್ಮನ್ 1956ರಲ್ಲಿ ಒಂದು ಸಿದ್ಧಾಂತ ಮಂಡಿಸಿದ್ರು, ಹಾಗಾದ್ರೆ ಫ್ರೀ ರ‍್ಯಾಡಿಕಲ್‌ಗಳನ್ನ ಹೀರಿ ಹಾಕೋ ವಸ್ತು ಕೊಟ್ರೆ ರೋಗ ಕಮ್ಮಿಯಾಗಬೇಕಲ್ವಾ ಅಂತ ಎಲ್ರೂ ಅಂದ್ಕೊಂಡ್ರು, ಕೇಳೋಕೂ ಚೆನ್ನಾಗಿತ್ತು. ದೊಡ್ಡ ಪ್ರಯೋಗಗಳು ನಡೆದಾಗ ಬೇರೆ ಕಥೆ ಬಂತು. ಫಿನ್‌ಲೆಂಡ್‌ನಲ್ಲಿ 29,133 ಗಂಡಸರ ಮೇಲೆ, ಎಲ್ರೂ ಸಿಗರೇಟ್ ಸೇದೋರು, ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಹೊರಬಂತು, ಬೀಟಾ-ಕ್ಯಾರೊಟಿನ್ ಮಾತ್ರೆ ತಗೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18% ಜಾಸ್ತಿ. ಅಮೆರಿಕದಲ್ಲಿ ಅದೇ ಥರದ ಇನ್ನೊಂದು ಪ್ರಯೋಗವನ್ನ 1996ರಲ್ಲಿ ಅರ್ಧಕ್ಕೇ ನಿಲ್ಲಿಸಿದ್ರು, ಅಲ್ಲಿ 28% ಜಾಸ್ತಿ ಇತ್ತು. ಗಜ್ಜರಿ ತಿಂದ್ರೆ ಹಿಂಗಾಗಲ್ಲ, ಗಜ್ಜರಿಯೊಳಗಿನ ಒಂದು ಅಣುವನ್ನ ಬೇರೆ ಮಾಡಿ ದೊಡ್ಡ ಡೋಸ್‌ನಲ್ಲಿ ಕೊಟ್ಟಾಗ ಆಯ್ತು. ನಿಮ್ಮ ಕ್ಯಾಪ್ಸೂಲ್ ವಿಷಯದಲ್ಲಿ ನಾನು ಹೇಳೋದೂ ಇದನ್ನೇ.

ಬಾಟಲಿ ಮೇಲೆ ಒಆರ್‌ಎಸಿ ಅಂತ ಏನಾದ್ರೂ ದೊಡ್ಡ ನಂಬರ್ ಹಾಕಿದ್ರೆ ಅದಕ್ಕೂ ಮರುಳಾಗಬೇಡಿ. ಟೆಸ್ಟ್ ಟ್ಯೂಬಿನಲ್ಲಿ ಒಂದು ವಸ್ತು ಎಷ್ಟು ಫ್ರೀ ರ‍್ಯಾಡಿಕಲ್ ತಟಸ್ಥ ಮಾಡುತ್ತೆ ಅನ್ನೋ ಅಳತೆ ಅದು. ಅಮೆರಿಕದ ಕೃಷಿ ಇಲಾಖೆ ಅದ್ರದ್ದೊಂದು ದೊಡ್ಡ ಪಟ್ಟಿಯನ್ನೇ ಇಟ್ಟಿತ್ತು, ಕಂಪನಿಗಳು ಅದನ್ನ ಜಾಹೀರಾತಿಗೆ ದುರುಪಯೋಗ ಮಾಡ್ಕೊಳ್ತಿವೆ, ದೇಹದೊಳಗಿನ ಪರಿಣಾಮಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ 2012ರಲ್ಲಿ ಆ ಪಟ್ಟಿಯನ್ನೇ ತೆಗೆದು ಹಾಕ್ತು. ಯಾಕೆ ಸಂಬಂಧ ಇಲ್ಲ ಅಂದ್ರೆ, ನಮ್ಮ ರಕ್ತದಲ್ಲಿ ಯೂರಿಕ್ ಆಸಿಡ್ಡು, ವಿಟಮಿನ್ ಸಿ ಈಗಾಗ್ಲೇ ಹತ್ತಾರು, ನೂರಾರು ಮೈಕ್ರೋಮೋಲ್ ಲೆಕ್ಕದಲ್ಲಿ ಓಡಾಡ್ಕೊಂಡಿವೆ, ಗಿಡದ ಪಾಲಿಫೀನಾಲ್‌ಗಳು (ಇಜಿಸಿಜಿ, ಕರ್ಕ್ಯುಮಿನ್ ಥರದ ವಸ್ತುಗಳು) ತಿಂದ ಮೇಲೆ ಕೆಲವು ಗಂಟೆ ಹೊತ್ತು ಒಂದೋ ಎರಡೋ ಮೈಕ್ರೋಮೋಲ್ ಮುಟ್ಟಿದ್ರೆ ದೊಡ್ಡದು. ಅಷ್ಟು ಕಮ್ಮಿ ಇರೋದು ಮೈಯೆಲ್ಲ ತಿರುಗಾಡಿ ಫ್ರೀ ರ‍್ಯಾಡಿಕಲ್ ಗುಡಿಸಿ ಹಾಕುತ್ತೆ ಅನ್ನೋದು ಸಮುದ್ರಕ್ಕೆ ಚೊಂಬಿನಲ್ಲಿ ನೀರು ಹೊಯ್ದಂಗೆ.

ಇನ್ನೊಂದು ವಿಷಯ ನಿಮ್ಮ ವಿಟಮಿನ್ ಸಿ ಮಾತ್ರೆಗೆ ನೇರವಾಗಿ ಸಂಬಂಧಪಟ್ಟಿದ್ದು. ಫ್ರೀ ರ‍್ಯಾಡಿಕಲ್ ಅಂದ್ರೆ ಬರೀ ವಿಲನ್ ಅಲ್ಲ. ವ್ಯಾಯಾಮ ಮಾಡುವಾಗ ಸ್ನಾಯುವಿನಲ್ಲಿ ಅವು ಸ್ವಲ್ಪ ಏರ್ತವೆ, ಆ ಏರಿಕೆಯೇ ಇನ್ನಷ್ಟು ಮೈಟೋಕಾಂಡ್ರಿಯಾ ಮಾಡ್ಕೋ, ಇನ್ಸುಲಿನ್‌ಗೆ ಸ್ಪಂದಿಸು ಅಂತ ಕೋಶಕ್ಕೆ ಕೊಡೋ ಸಿಗ್ನಲ್. ಜರ್ಮನಿಯಲ್ಲಿ 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಯುವಕರಿಗೆ ನಾಲ್ಕು ವಾರ ವ್ಯಾಯಾಮ ಮಾಡಿಸಿ, ಕೆಲವರಿಗೆ ದಿನಕ್ಕೆ 1000 ಎಂಜಿ ವಿಟಮಿನ್ ಸಿ ಮತ್ತು 400 ಐಯು ವಿಟಮಿನ್ ಇ ಕೊಟ್ರು. ಮಾತ್ರೆ ಇಲ್ಲದವರಲ್ಲಿ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡೋಕೆ ಶುರುವಾಯ್ತು, ಮಾತ್ರೆ ತಗೊಂಡವರಲ್ಲಿ ಆ ಲಾಭವೇ ಕಾಣಲಿಲ್ಲ. ಸಣ್ಣ ಅಧ್ಯಯನ, ಆಮೇಲೆ ಬಂದ ಎಲ್ಲ ಅಧ್ಯಯನಗಳೂ ಅದನ್ನೇ ಹೇಳಿಲ್ಲ, ಆದ್ರೂ ಶುಗರ್ ಇಳಿಸೋಕೆ ವಾಕಿಂಗ್ ಶುರು ಮಾಡೋರು ಅದೇ 1000 ಎಂಜಿ ಮಾತ್ರೆ ಯಾಕೆ ನುಂಗಬೇಕು ಅನ್ನೋದು ನನ್ನ ಪ್ರಶ್ನೆ. ಅಷ್ಟೊಂದು ವಿಟಮಿನ್ ಸಿ ಮೈ ಪೂರ್ತಿ ಹೀರ್ಕೊಳ್ಳೋದೂ ಇಲ್ಲ, ಹೀರಿದ್ದರಲ್ಲೂ ಒಂದು ಭಾಗ ಆಕ್ಸಲೇಟ್ ಆಗಿ ಮೂತ್ರಕ್ಕೆ ಹೋಗುತ್ತೆ. ಪಾಲಕ್ಕು, ಬೀಟ್‌ರೂಟು ಎರಡರಲ್ಲೂ ಆಕ್ಸಲೇಟ್ ಜಾಸ್ತಿ, ಅರಿಶಿನದಲ್ಲೂ ಇದೆ. ದಿನಾ ಇದೆಲ್ಲ ಒಟ್ಟಿಗೆ ಅಂದ್ರೆ ಕಿಡ್ನಿ ಸ್ಟೋನ್‌ಗೆ ಮಣೆ ಹಾಕಿ ಕರೆದಂಗೆ. ಮನೇಲಿ ಗ್ಲುಕೋಮೀಟರ್ ಇಟ್ಕೊಂಡಿದ್ರೆ ಅದೂ ಗಮನದಲ್ಲಿರಲಿ, ವಿಟಮಿನ್ ಸಿ ತುಂಬಾ ಹೆಚ್ಚಿನ ಡೋಸ್‌ನಲ್ಲಿದ್ದಾಗ ಕೆಲವು ಮೀಟರ್‌ಗಳು ಇರೋದಕ್ಕಿಂತ ಹೆಚ್ಚು ಶುಗರ್ ತೋರಿಸ್ತವೆ.

ಹಾಗಾದ್ರೆ ಸೊಪ್ಪು ಹಣ್ಣು ತಿಂದ್ರೆ ಒಳ್ಳೇದು ಅನ್ನೋದೂ ಸುಳ್ಳಾ ಅಂತ ಕೇಳ್ತೀರ. ಅಲ್ಲ, ಅದು ನಿಜ, ಕಾರಣ ಮಾತ್ರ ಬಾಟಲಿ ಮೇಲೆ ಬರೆದಿರೋದಲ್ಲ. ನಾವು ತಿನ್ನೋ ಪಾಲಿಫೀನಾಲ್‌ಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಸಣ್ಣ ಕರುಳಲ್ಲಿ ಹೀರಲ್ಪಡದೆ ಸೀದಾ ದೊಡ್ಡ ಕರುಳಿಗೆ ಹೋಗ್ತವೆ, ಅಲ್ಲಿನ ಬ್ಯಾಕ್ಟೀರಿಯಾಗಳು ಅವನ್ನ ಒಡೆದು ಸಣ್ಣ ಸಣ್ಣ ಅಣುಗಳನ್ನ ಮಾಡ್ತವೆ, ರಕ್ತಕ್ಕೆ ಸೇರೋದು ಬಹುಪಾಲು ಅವು. ದಾಳಿಂಬೆ, ವಾಲ್‌ನಟ್‌ನಲ್ಲಿರೋ ಎಲಾಜಿಕ್ ವಸ್ತುಗಳಿಂದ ಯುರೋಲಿಥಿನ್ ಅನ್ನೋದು ಹಿಂಗೇ ತಯಾರಾಗುತ್ತೆ, ಸರಿಯಾದ ಬ್ಯಾಕ್ಟೀರಿಯಾ ಇಲ್ಲದವರಲ್ಲಿ ತಯಾರಾಗೋದೇ ಇಲ್ಲ. ಒಂದೇ ಹಣ್ಣು ಇಬ್ಬರಿಗೆ ಒಂದೇ ಥರ ಕೆಲಸ ಮಾಡಲ್ಲ ಅನ್ನೋದಕ್ಕೆ ಇದೂ ಒಂದು ಕಾರಣ. ಇನ್ನು ಕೆಲವು ಪಾಲಿಫೀನಾಲ್‌ಗಳು ಪಿಷ್ಟ ಜೀರ್ಣಿಸೋ ಕಿಣ್ವಗಳನ್ನ ಸ್ವಲ್ಪ ನಿಧಾನ ಮಾಡ್ತವೆ, ಊಟದ ನಂತರ ಶುಗರ್ ಏರೋ ವೇಗ ತಗ್ಗುತ್ತೆ. ಇನ್ನೊಂದು ಸ್ವಾರಸ್ಯ ಇದೆ ನೋಡಿ: ಕೋಶ ಈ ಗಿಡದ ಅಣುಗಳನ್ನ ಲೈಟಾದ ವಿಷ ಅಂತಲೇ ಗುರುತಿಸುತ್ತೆ, ಆಗ ಎನ್‌ಆರ್‌ಎಫ್2 ಅನ್ನೋ ಪ್ರೋಟೀನ್ ಎಚ್ಚೆತ್ತು ನಮ್ಮದೇ ಸ್ವಂತ ಆಂಟಿಆಕ್ಸಿಡೆಂಟ್ ಕಿಣ್ವಗಳನ್ನ ಹೆಚ್ಚಿಸುತ್ತೆ. ಕಮ್ಮಿ ಪ್ರಮಾಣದಲ್ಲಿ ಬಂದಾಗ ಇದು ಒಳ್ಳೇ ಕೆಣಕು, ಅದೇ ಅಣು ಕ್ಯಾಪ್ಸೂಲಿನ ಡೋಸ್‌ನಲ್ಲಿ ಬಂದ್ರೆ ಲಿವರ್‌ಗೆ ನಿಜವಾದ ವಿಷವೇ ಆಗಬಹುದು. ಇದೆಲ್ಲದರ ಜೊತೆ ನಾರು, ನೀರು, ಅಗಿಯೋ ಹೊತ್ತು, ಕಮ್ಮಿ ಕ್ಯಾಲರಿಗೆ ಹೊಟ್ಟೆ ತುಂಬೋದು, ಇವು ಯಾವುದೂ ಕ್ಯಾಪ್ಸೂಲಲ್ಲಿ ಬರಲ್ಲ.

ಊಟದ ಬಗ್ಗೆ ಸಿಕ್ಕಿರೋ ಪುರಾವೆ ಎಷ್ಟು ಗಟ್ಟಿ ಅನ್ನೋದನ್ನೂ ಹೇಳಿಬಿಡ್ತೀನಿ, ಇಲ್ಲಾಂದ್ರೆ ನಾನೂ ಮಾರೋರ ಥರ ಆಗ್ಬಿಡ್ತೀನಿ. ಅಮೆರಿಕದಲ್ಲಿ 1,24,086 ಜನರನ್ನ ವರ್ಷಾನುಗಟ್ಟಲೆ ಗಮನಿಸಿದ ಅಧ್ಯಯನ 2016ರಲ್ಲಿ ಬಂತು, ಊಟದಲ್ಲಿ ಫ್ಲೇವನಾಯ್ಡ್ (ಪಾಲಿಫೀನಾಲ್‌ಗಳ ಒಂದು ಗುಂಪು), ಅದ್ರಲ್ಲೂ ಬೆರ್ರಿ ಹಣ್ಣುಗಳಿಗೆ ಬಣ್ಣ ಕೊಡೋ ಆಂಥೋಸಯನಿನ್, ಜಾಸ್ತಿ ಮಾಡ್ಕೊಂಡವರಲ್ಲಿ ತೂಕ ಏರಿಕೆ ಕಮ್ಮಿ ಇತ್ತು. ಆದ್ರೆ ಆ ವ್ಯತ್ಯಾಸ ನಾಲ್ಕು ವರ್ಷಕ್ಕೆ ಒಂದು ಕೆಜಿಯ ಸಣ್ಣ ಭಾಗ, ಜೊತೆಗೆ ಹಣ್ಣು ಹೆಚ್ಚು ತಿನ್ನೋರು ಬೇರೆ ಹತ್ತು ವಿಷಯದಲ್ಲೂ ಹುಷಾರಾಗಿರ್ತಾರೆ. ತೂಕ ಇಳಿಸೋ ಔಷಧಿ ಅಂತ ಇದನ್ನ ಕರೆಯೋಕಾಗಲ್ಲ. ಅದಕ್ಕಿಂತ ನನಗೆ ಕೆಲಸಕ್ಕೆ ಬಂದಿದ್ದು 2013ರ ಇನ್ನೊಂದು ಅಧ್ಯಯನ: ವಾರಕ್ಕೆ ಮೂರು ಸಲ ಇಡೀ ಬ್ಲೂಬೆರ್ರಿ ತಿನ್ನೋರಲ್ಲಿ ಟೈಪ್ 2 ಡಯಾಬಿಟಿಸ್ 26% ಕಮ್ಮಿ, ದ್ರಾಕ್ಷಿ 12%, ಸೇಬು-ಪೇರ್ 7% ಕಮ್ಮಿ, ಅಷ್ಟೇ ಸಲ ಹಣ್ಣಿನ ಜ್ಯೂಸ್ ಕುಡಿಯೋರಲ್ಲಿ 8% ಜಾಸ್ತಿ. ಹಣ್ಣು ಒಂದೇ, ಆಂಟಿಆಕ್ಸಿಡೆಂಟೂ ಒಂದೇ, ಅದನ್ನ ಹಿಂಡಿ ಜರಡಿ ಹಿಡಿದಾಗ ಕಥೆಯೇ ಬದಲಾಯ್ತು. ಹಾಗಾಗಿ ರಾತ್ರಿಯ ಜ್ಯೂಸ್ ನಿಲ್ಸಿ ಅದೇ ಸೇಬನ್ನ ಸಿಪ್ಪೆ ಸಮೇತ ಕಚ್ಚಿ ತಿನ್ನಿ, ಬೀಟ್‌ರೂಟ್ ಪಲ್ಯ ಮಾಡ್ಕೊಳ್ಳಿ. ಮೊದಲನೇ ತಿಂಗಳ 2 ಕೆಜಿ ಎಲ್ಲಿಂದ ಬಂತು ಅನ್ನೋದಕ್ಕೂ ಉತ್ತರ ಈ ಜ್ಯೂಸಲ್ಲೇ ಇದೆ, ಒಂದು ಹೊತ್ತಿನ ಊಟ ಬಿಟ್ರಿ, ಮೈಯಲ್ಲಿ ಶೇಖರವಾಗಿದ್ದ ಗ್ಲೈಕೋಜನ್ ಅನ್ನೋ ಸಕ್ಕರೆ ದಾಸ್ತಾನು, ಅದ್ರ ಜೊತೆಗಿದ್ದ ನೀರು ಹೋಯ್ತು, ಸ್ವಲ್ಪ ಕೊಬ್ಬೂ ಹೋಗಿರಬಹುದು, ಆಮೇಲೆ ಮೈ ಹೊಂದಿಕೊಳ್ತು, ಬಹುಶಃ ಮಧ್ಯಾಹ್ನದ ತಟ್ಟೆ ನಿಮಗೇ ಗೊತ್ತಿಲ್ದೆ ದೊಡ್ಡದಾಯ್ತು. ಕ್ಯಾಪ್ಸೂಲಿಗೆ ಅದ್ರ ಕ್ರೆಡಿಟ್ ಕೊಡಬೇಡಿ.

ಗ್ರೀನ್ ಟೀ ಕೊಬ್ಬು ಸುಡುತ್ತೆ ಅನ್ನೋ ಮಾತು ಹುಟ್ಟಿದ್ದು ಎಲ್ಲಿ ಅಂದ್ರೆ, 1999ರಲ್ಲಿ ಹತ್ತು ಜನ ಆರೋಗ್ಯವಂತ ಗಂಡಸರನ್ನ ಉಸಿರಾಟ ಅಳೆಯೋ ಕೋಣೆಯಲ್ಲಿಟ್ಟು ಕೆಫೀನ್ ಸಮೇತ ಎಕ್ಸ್‌ಟ್ರಾಕ್ಟ್ ಕೊಟ್ಟಾಗ ದಿನದ ಶಕ್ತಿ ಖರ್ಚು ಸುಮಾರು 4% ಏರಿತು. ಅದನ್ನ ಹಿಡ್ಕೊಂಡು ಒಂದು ಉದ್ಯಮವೇ ಎದ್ದು ನಿಂತಿತು. 2012ರಲ್ಲಿ ಕಾಕ್ರೇನ್ ಸಂಸ್ಥೆಯವರು ತೂಕ ಇಳಿಕೆಯ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಜಪಾನಿನ ಹೊರಗೆ ನಡೆದ ಪ್ರಯೋಗಗಳಲ್ಲಿ ಗ್ರೀನ್ ಟೀ ತಗೊಂಡವರಿಗೂ ತಗೊಳ್ಳದವರಿಗೂ ಸರಾಸರಿ ವ್ಯತ್ಯಾಸ 0.04 ಕೆಜಿ. ನಲವತ್ತು ಗ್ರಾಂ! ಅದಕ್ಕೋಸ್ಕರ ಲಿವರ್ ಪಣಕ್ಕಿಡೋದಾ?

ಬೇರೆ ಯಾವುದಕ್ಕಾದ್ರೂ ಬದಲಾಯಿಸ್ಲಾ ಅಂದ್ರಲ್ಲ, ಬೇಗ ಹೇಳಿ ಮುಗಿಸ್ತೀನಿ. ದ್ರಾಕ್ಷಿ ಸಿಪ್ಪೆಯಲ್ಲಿರೋ ರೆಸ್ವೆರಟ್ರಾಲ್ 2006ರಲ್ಲಿ ಕೊಬ್ಬು ಹೆಚ್ಚು ತಿಂದ ಇಲಿಗಳನ್ನ ಹೆಚ್ಚು ದಿನ ಬದುಕಿಸಿ ಹೆಸರು ಮಾಡ್ತು, 2013ರ ಡೆನ್ಮಾರ್ಕ್ ಅಧ್ಯಯನದಲ್ಲಿ ಬೊಜ್ಜಿರೋ ಗಂಡಸರಿಗೆ ದಿನಕ್ಕೆ 1500 ಎಂಜಿ ನಾಲ್ಕು ವಾರ ಕೊಟ್ರೂ ಇನ್ಸುಲಿನ್ ಕೆಲಸದಲ್ಲಿ ಏನೂ ಸುಧಾರಿಸಲಿಲ್ಲ. ಗ್ರೀನ್ ಕಾಫಿ ಬೀಜದ್ದು ಇನ್ನೂ ನಗೆಪಾಟಲು, 16 ಜನರ ಮೇಲಿನ ಒಂದು ಅಧ್ಯಯನ 2012ರಲ್ಲಿ ಭಾರಿ ಸದ್ದು ಮಾಡಿ ಮಾರಾಟ ಏರಿಸ್ತು, 2014ರಲ್ಲಿ ಆ ಪ್ರಬಂಧವನ್ನ ಬರೆದವರೇ ವಾಪಸ್ ತಗೊಂಡ್ರು, ಅಂಕಿಅಂಶ ಖಚಿತಪಡಿಸೋಕಾಗಲ್ಲ ಅಂತ. ಕರ್ಕ್ಯುಮಿನ್ ಪರವಾಗಿ ಒಂದು ಒಳ್ಳೇ ಅಧ್ಯಯನ ಇದೆ, ಇಲ್ಲ ಅಂದ್ರೆ ಅನ್ಯಾಯ ಆಗುತ್ತೆ: 2012ರಲ್ಲಿ ಪ್ರೀ-ಡಯಾಬಿಟಿಸ್ ಇದ್ದ 240 ಜನರಿಗೆ ಒಂಬತ್ತು ತಿಂಗಳು ಕೊಟ್ಟಾಗ ಅದನ್ನ ತಗೊಂಡ ಗುಂಪಲ್ಲಿ ಯಾರಿಗೂ ಡಯಾಬಿಟಿಸ್ ಬರಲಿಲ್ಲ, ಡಮ್ಮಿ ಮಾತ್ರೆ ತಗೊಂಡವರಲ್ಲಿ ನೂರಕ್ಕೆ 16 ಜನಕ್ಕೆ ಬಂತು. ಕೇಳೋಕೆ ಅದ್ಭುತ, ಆದ್ರೆ ಒಂದು ಅಧ್ಯಯನ ನಂಬ್ಕೊಂಡು ಮನೆ ಕಟ್ಟೋಕಾಗಲ್ಲ, ಎಸ್‌ಜಿಪಿಟಿ ಏರಿರೋರಿಗಂತೂ ಕೊಡೋ ಪ್ರಶ್ನೆಯೇ ಇಲ್ಲ. ಅದಕ್ಕೆ ಸೇರಿಸೋ ಪೈಪರಿನ್ ಕಾಳುಮೆಣಸಿನ ಸಾರ, ಲಿವರ್ ಮತ್ತು ಕರುಳು ಕರ್ಕ್ಯುಮಿನ್ನನ್ನ ಹೊರಹಾಕೋ ಕೆಲಸಕ್ಕೆ ಅಡ್ಡ ಹಾಕಿ ರಕ್ತದಲ್ಲಿ ಅದ್ರ ಮಟ್ಟವನ್ನ ಇಪ್ಪತ್ತು ಪಟ್ಟು ಏರಿಸಿದ್ದು 1998ರಲ್ಲೇ ಗೊತ್ತಾಗಿತ್ತು. ಜಾಹೀರಾತಿನವರು ಹೇಳದೇ ಬಿಡೋದು ಏನಂದ್ರೆ ಪೈಪರಿನ್ ಫೆನಿಟಾಯಿನ್ (ಫಿಟ್ಸ್ ಮಾತ್ರೆ), ಪ್ರೊಪ್ರನಾಲಾಲ್ (ಬಿಪಿ ಮಾತ್ರೆ) ಥರದ ಔಷಧಿಗಳ ಮಟ್ಟವನ್ನೂ ಏರಿಸುತ್ತೆ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು ಕೂಡ ಇದ್ರ ತಂಟೆಗೆ ಹೋಗಬಾರದು.

ಆಂಟಿಆಕ್ಸಿಡೆಂಟ್ ನಿಜವಾಗ್ಲೂ ಔಷಧಿಯಾಗಿ ಕೆಲಸ ಮಾಡಿದ ಉದಾಹರಣೆ ಒಂದಿದೆ. ಬಯಾಪ್ಸಿಯಲ್ಲಿ ಉರಿಯೂತ ಇರೋ ಫ್ಯಾಟಿ ಲಿವರ್ ಅಂತ ಸಾಬೀತಾದ, ಡಯಾಬಿಟಿಸ್ ಇಲ್ಲದವರಿಗೆ ವಿಟಮಿನ್ ಇ 800 ಐಯು ಕೊಟ್ಟಾಗ ಲಿವರ್ ಸುಧಾರಿಸಿದ್ದು 2010ರ ಪ್ರಯೋಗದಲ್ಲಿ ಕಂಡುಬಂತು. ಅದೇ ವಿಟಮಿನ್ ಇ 400 ಐಯು ವರ್ಷಗಟ್ಟಲೆ ತಗೊಂಡ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ 17% ಜಾಸ್ತಿಯಾಗಿದ್ದೂ 2011ರಲ್ಲಿ ಗೊತ್ತಾಯ್ತು. ನಿಮಗೆ ಈಗ ಅದ್ರ ಅವಶ್ಯಕತೆ ಇಲ್ಲ, ಮುಂದೆ ಬಂದ್ರೂ ಲಿವರ್ ಡಾಕ್ಟ್ರು ಬರೆದುಕೊಟ್ರೆ ಮಾತ್ರ.

ಇನ್ನು ಮಾಡೋದೇನು. ನಿಮ್ಮಂಥ ನಂಬರ್ ಇರೋರಿಗೆ ಇವತ್ತಿನವರೆಗೂ ಅತಿ ಗಟ್ಟಿಯಾದ ಪುರಾವೆ ಇರೋದು 2002ರ ಅಮೆರಿಕದ ಡಯಾಬಿಟಿಸ್ ತಡೆ ಪ್ರಯೋಗದ್ದು. 3,234 ಜನ, ಒಂದು ಗುಂಪಿಗೆ ಕೊಟ್ಟ ಗುರಿ ಎರಡೇ, ತೂಕದಲ್ಲಿ 7% ಇಳಿಸೋದು, ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯೋದು. ಡಯಾಬಿಟಿಸ್ 58% ಕಮ್ಮಿಯಾಯ್ತು. ಮೆಟ್‌ಫಾರ್ಮಿನ್ ಮಾತ್ರೆ ತಗೊಂಡ ಗುಂಪಿನಲ್ಲಿ 31%. ನಿಮಗೆ 7% ಅಂದ್ರೆ ಸುಮಾರು ಐದೂವರೆ ಕೆಜಿ, 78ರಿಂದ 72-73ಕ್ಕೆ ಬರೋದು. ಕಾಲೇಜ್ ದಿನಗಳ ತೂಕಕ್ಕೆ ವಾಪಸ್ ಹೋಗಬೇಕಿಲ್ಲ. ಫ್ಯಾಟಿ ಲಿವರ್ ಇದ್ರೆ 5% ಇಳಿಸಿದಾಗ್ಲೇ ಕೊಬ್ಬು ಕರಗೋಕೆ ಶುರುವಾಗುತ್ತೆ, ಉರಿಯೂತ ಇಳಿಯೋಕೆ 7ರಿಂದ 10% ಬೇಕಾಗುತ್ತೆ.

ಇದಕ್ಕೆ ನಾನು ಎಲ್ಲರಿಗೂ ಮೊದ್ಲು ಹೇಳೋದು ಪ್ಯಾಕೆಟ್ ತಿಂಡಿ, ಸಿಹಿ ಪಾನೀಯ ಕಮ್ಮಿ ಮಾಡಿ ಅಂತ, ಇದು ಉಪದೇಶ ಅನ್ಸಬಹುದು, ಆದ್ರೆ 2019ರಲ್ಲಿ 20 ಜನರನ್ನ ಆಸ್ಪತ್ರೆಯಲ್ಲೇ ಇಟ್ಟು ಎರಡು ವಾರ ಅತಿಸಂಸ್ಕರಿತ ಆಹಾರ, ಎರಡು ವಾರ ಸಾದಾ ಆಹಾರ, ಬೇಕಾದಷ್ಟು ತಿನ್ನಿ ಅಂತ ಬಿಟ್ಟಾಗ ಮೊದಲನೇದ್ರಲ್ಲಿ ದಿನಕ್ಕೆ ಸುಮಾರು 500 ಕ್ಯಾಲರಿ ಜಾಸ್ತಿ ತಿಂದ್ರು, ಅವರಿಗೇ ಅರಿವಿಲ್ದೆ. ಆ ಜಾಗಕ್ಕೆ ಕಾಳು, ತರಕಾರಿ, ಇಡೀ ಹಣ್ಣು, ನಟ್ಸ್ ಬಂದ್ರೆ ಪಾಲಿಫೀನಾಲು ತಾನಾಗೇ ಬರುತ್ತೆ, ಅದನ್ನ ಎಣಿಸ್ಕೊಂಡು ಕೂರಬೇಕಿಲ್ಲ. ಅಡುಗೆ ಮಾಡುವಾಗ ಒಂದೆರಡು ವಿಷಯ: ಟೊಮೇಟೊದ ಲೈಕೊಪೀನ್ ಹಸಿಯಾಗಿ ತಿಂದಾಗ್ಗಿಂತ ಸ್ವಲ್ಪ ಎಣ್ಣೆಯಲ್ಲಿ ಬೇಯಿಸಿದಾಗ ಚೆನ್ನಾಗಿ ಹೀರುತ್ತೆ, ಸೊಪ್ಪು-ಗಜ್ಜರಿಯ ಕ್ಯಾರೊಟಿನಾಯ್ಡ್‌ಗೂ ಎಣ್ಣೆ ಬೇಕು, ಹಾಗಾಗಿ ಎಣ್ಣೆಯೇ ಇಲ್ಲದ ಸಲಾಡ್ ತಿಂದು ತ್ಯಾಗ ಮಾಡಿದೆ ಅಂದ್ಕೋಬೇಡಿ. ಈರುಳ್ಳಿಯ ಕ್ವೆರ್ಸೆಟಿನ್ ಹೊರಗಿನ ಪದರಗಳಲ್ಲೇ ಜಾಸ್ತಿ, ಒಣ ಸಿಪ್ಪೆಯ ಜೊತೆ ಎರಡು ದಪ್ಪ ಪದರ ಕಿತ್ತೆಸೆಯೋ ಅಭ್ಯಾಸ ಇದ್ರೆ ಬಿಡಿ. ತರಕಾರಿ ಬೇಯಿಸಿದ ನೀರು ಚೆಲ್ಲಬೇಡಿ.

ಆರು ತಿಂಗಳು ಇದನ್ನ ಪ್ರಾಮಾಣಿಕವಾಗಿ ಮಾಡಿ ನಂಬರ್ ಅಲ್ಲಾಡದಿದ್ರೆ ಮೆಟ್‌ಫಾರ್ಮಿನ್ ಬಗ್ಗೆ ಡಾಕ್ಟ್ರ ಹತ್ರ ಮಾತಾಡಿ, ಹೊಟ್ಟೆ ಕೆಡೋದು, ವರ್ಷಾನುಗಟ್ಟಲೆ ತಗೊಂಡ್ರೆ ಬಿ12 ಕಮ್ಮಿಯಾಗೋದು ಬಿಟ್ರೆ ಹಳೇ ನಂಬಿಕಸ್ತ ಮಾತ್ರೆ. ನಿಮ್ಮ ಬಿಎಂಐ 31 ಇರೋದ್ರಿಂದ ಸೆಮಾಗ್ಲುಟೈಡ್ ಥರದ ಇಂಜೆಕ್ಷನ್‌ಗೂ ಅರ್ಹತೆ ಇರುತ್ತೆ, 2021ರ ಪ್ರಯೋಗದಲ್ಲಿ 68 ವಾರಕ್ಕೆ ಸರಾಸರಿ 15% ತೂಕ ಇಳೀತು, ಯಾವ ಗಿಡದ ಸಾರವೂ ಅದ್ರ ಹತ್ರ ಸುಳಿಯಲ್ಲ. ಆದ್ರೆ ವಾಂತಿ-ವಾಕರಿಕೆ, ಪಿತ್ತಕೋಶದ ಕಲ್ಲು, ಕೊಬ್ಬಿನ ಜೊತೆ ಸ್ನಾಯುವೂ ಕರಗೋದು, ನಿಲ್ಲಿಸಿದ ಮೇಲೆ ತೂಕ ವಾಪಸ್ ಬರೋದು, ಇವೆಲ್ಲ ಅದ್ರ ಜೊತೆಗೇ ಬರ್ತವೆ. ಲಿವರ್ ವಿಷಯ ಇತ್ಯರ್ಥ ಆಗೋವರೆಗೂ ಅದ್ರ ಮಾತು ಬೇಡ.

ಕೊನೆಗೆ ನೀವು ಸುಮ್ನೆ ಹಾಗೇ ಬರೆದು ಮುಂದೆ ಹೋದ ವಿಷಯ, ಹಿಮೋಗ್ಲೋಬಿನ್ 10.6. ಊಟ ಆದ ತಕ್ಷಣ ಟೀ ಕುಡಿದ್ರೆ ಅದ್ರ ಪಾಲಿಫೀನಾಲ್‌ಗಳು ಸೊಪ್ಪು-ಕಾಳಿನ ಕಬ್ಬಿಣಾಂಶವನ್ನ ಹಿಡ್ಕೊಂಡು ಅರ್ಧಕ್ಕಿಂತ ಹೆಚ್ಚು ಹೀರದಂಗೆ ಮಾಡ್ತವೆ, ಗ್ರೀನ್ ಟೀ ಆದ್ರೂ ಅಷ್ಟೇ, ಮಾಮೂಲಿ ಟೀ ಆದ್ರೂ ಅಷ್ಟೇ, ಕಾಫಿಯೂ ಸ್ವಲ್ಪ ಹಂಗೇ. ಟೀ ಕುಡಿಯೋದು ಬಿಡಬೇಕಿಲ್ಲ, ದಿನಕ್ಕೆ ಎರಡು ಮೂರು ಕಪ್ ಆರಾಮಾಗಿ ಕುಡೀರಿ, ಊಟಕ್ಕೂ ಟೀಗೂ ಒಂದು ಗಂಟೆ ಅಂತರ ಇರಲಿ. ಮೈಯಲ್ಲಿ ಕಬ್ಬಿಣಾಂಶದ ದಾಸ್ತಾನು ಎಷ್ಟಿದೆ ಅಂತ ತೋರಿಸೋ ಫೆರಿಟಿನ್ ಟೆಸ್ಟ್ ಮಾಡ್ಸಿ, ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗ್ತಿದ್ರೆ ಅದನ್ನೂ ಡಾಕ್ಟ್ರಿಗೆ ಹೇಳಿ. ಇದಕ್ಕೂ ಶುಗರ್‌ಗೂ ನಂಟಿದೆ: ಕಬ್ಬಿಣಾಂಶ ಕಮ್ಮಿ ಇರೋರಲ್ಲಿ ಎಚ್‌ಬಿಎ1ಸಿ ಇರೋದಕ್ಕಿಂತ ಸ್ವಲ್ಪ ಜಾಸ್ತಿ ಬರಬಹುದು, ಅಂದ್ರೆ ನಿಮ್ಮ 6.0ರಲ್ಲಿ ಒಂದು ಪಾಲು ರಕ್ತಹೀನತೆಯದ್ದೂ ಇರಬಹುದು. ಖಾಲಿ ಹೊಟ್ಟೆಯ 108 ಇರೋದ್ರಿಂದ ಪ್ರೀ-ಡಯಾಬಿಟಿಸ್ ಅನ್ನೋದು ಸುಳ್ಳಾಗಲ್ಲ, ಆದ್ರೆ ಐರನ್ ಮಾತ್ರೆ ಶುರು ಮಾಡಿ ಹಿಮೋಗ್ಲೋಬಿನ್ ಸರಿಹೋಗೋ ಹೊತ್ತಿಗೆ ಎಚ್‌ಬಿಎ1ಸಿ ಇಳಿದ್ರೆ ಅದು ಯಾವುದರಿಂದ ಇಳೀತು ಅಂತ ಗೊಂದಲ ಮಾಡ್ಕೋಬೇಡಿ, ಆಗ ಖಾಲಿ ಹೊಟ್ಟೆ ಶುಗರ್ ಮತ್ತು ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ಮಾಡೋ ಟೆಸ್ಟ್ ನೋಡಿ ತೀರ್ಮಾನ ಮಾಡೋದು ಸರಿ.